ಒಂದೇ ಗೇರ್‌ಬಾಕ್ಸ್, ಎರಡು ಸ್ವಭಾವ: ಆಲ್ಫಾ ಜೂಲಿಯಾ ಮತ್ತು ಬಿಎಂಡಬ್ಲ್ಯು 330ಐ

ಆಲ್ಫಾ ರೋಮಿಯೋ ಜೂಲಿಯಾ ವೆಲೋಚೆ ಮತ್ತು ಬಿಎಂಡಬ್ಲ್ಯು 330ಐ ಕಾರುಗಳ ವಿವರಪಟ್ಟಿಗಳನ್ನಷ್ಟೇ ಓದುವವರಿಗೆ ಎರಡರ ನಡುವಿನ ಅಂತರ ಕಾಣುವುದು ಕಷ್ಟ. ಎರಡರಲ್ಲೂ ನಾಲ್ಕು ಸಿಲಿಂಡರುಗಳ 2.0 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ಇದೆ, 400 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಇದೆ, ಜರ್ಮನಿಯ ಝಡ್‌ಎಫ್ ಸಂಸ್ಥೆಯ ಎಂಟು ಗೇರುಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದೆ. ಡಿಕ್ಕಿಯ ಜಾಗವೂ ಎರಡರಲ್ಲಿ 480 ಲೀಟರ್. ಶಕ್ತಿಯಲ್ಲಿ ಮಾತ್ರ ಇಟಲಿಯ ಕಾರು 280 ಅಶ್ವಶಕ್ತಿಯೊಂದಿಗೆ 258ರ ಜರ್ಮನ್ ಕಾರಿಗಿಂತ ಮುಂದಿದೆ. ಹೀಗಿದ್ದೂ ಇವೆರಡನ್ನು ಒಂದೇ ರಸ್ತೆಯಲ್ಲಿ ಓಡಿಸಿದವರು ಇವನ್ನು ಒಂದೇ ಬಗೆಯ ಕಾರುಗಳೆಂದು ಕರೆಯಲಾರರು.

ಅಂತರ ಮೊದಲು ತಿಳಿಯುವುದು ಅಂಗೈಗೆ. ಜೂಲಿಯಾದ ಸ್ಟಿಯರಿಂಗ್ ಅನುಪಾತ 11.8:1, ಅಂದರೆ ಮುಂಚಕ್ರ ಒಂದು ಡಿಗ್ರಿ ತಿರುಗಲು ಸ್ಟಿಯರಿಂಗನ್ನು ಹನ್ನೆರಡು ಡಿಗ್ರಿಯಷ್ಟೂ ತಿರುಗಿಸಬೇಕಾಗಿಲ್ಲ. ಈ ವರ್ಗದ ಸೆಡಾನಿಗೆ ಇದು ಬಹಳ ಚುರುಕು. ಮುಂಭಾಗದಲ್ಲಿ ಪ್ರತಿ ಚಕ್ರವನ್ನು ಮೇಲೊಂದು, ಕೆಳಗೊಂದು ತೋಳು ಹಿಡಿದಿಡುವ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ ಇರುವುದರಿಂದ ತಿರುವಿನಲ್ಲಿ ಕಾರು ವಾಲಿದಾಗಲೂ ಟೈರು ರಸ್ತೆಗೆ ಸರಿಯಾಗಿ ಕೂತಿರುತ್ತದೆ. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಕಾರ್ಬನ್ ಫೈಬರಿನಿಂದ, ಬಾಗಿಲುಗಳನ್ನು ಅಲ್ಯುಮಿನಿಯಮ್ಮಿನಿಂದ ಮಾಡಿ ತೂಕ ಇಳಿಸಿರುವುದರ ಫಲ ಒಂದರ ಹಿಂದೊಂದು ಬರುವ ತಿರುವುಗಳಲ್ಲಿ ಸ್ಪಷ್ಟವಾಗಿ ಗೊತ್ತಾಗುತ್ತದೆ. ಗೇರ್ ಬದಲಿಸುವ ಉದ್ದನೆಯ ಲೋಹದ ಪ್ಯಾಡಲ್‌ಗಳು ಸ್ಟಿಯರಿಂಗಿನೊಡನೆ ಸುತ್ತದೆ ಅದರ ಕಂಬಕ್ಕೇ ಅಂಟಿಕೊಂಡಿರುವುದರಿಂದ, ಕೈ ಎಷ್ಟೇ ತಿರುಗಿದ್ದರೂ ಅವು ಇದ್ದಲ್ಲೇ ಸಿಗುತ್ತವೆ. ಚಾಲಕನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಕೆಲಸ ಎಂದರೆ ಇದೇ.

330ಐ ಸೇರಿರುವ, 1975ರಿಂದ ಬೆಳೆದುಬಂದ ಬಿಎಂಡಬ್ಲ್ಯು 3 ಸೀರೀಸಿನ ಜಾಣ್ಮೆ ಬೇರೆ ರೀತಿಯದು. 330ಐಯ ಗರಿಷ್ಠ ಟಾರ್ಕ್ ಸುಮಾರು 1,550 ಆರ್‌ಪಿಎಮ್‌ನಲ್ಲೇ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳ ಲೆಕ್ಕ) ಒದಗುತ್ತದೆ. ಜೂಲಿಯಾದಲ್ಲಿ ಅದಕ್ಕಾಗಿ 2,250ರವರೆಗೆ ಕಾಯಬೇಕು. ಚಕ್ರ ಮೇಲೆ ಕೆಳಗೆ ಹೆಚ್ಚು ಚಲಿಸಿದಷ್ಟೂ ಬಿಗಿಯಾಗುವ ಡ್ಯಾಂಪರುಗಳು (ಶಾಕ್ ಅಬ್ಸಾರ್ಬರುಗಳು) ದೊಡ್ಡ ಏರಿಳಿತಗಳಲ್ಲಿ ಕಾರನ್ನು ತಡಮಾಡದೆ ಹತೋಟಿಗೆ ತರುತ್ತವೆ. ವೇಗದ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಸಾಗಿದರೂ ಆಯಾಸವಾಗದ ಸ್ಥಿರತೆ ಇದಕ್ಕಿದೆ, ಹಿಂದಿನ ಆಸನದಲ್ಲಿ ಕಾಲು ಚಾಚಲು ಜಾಗವೂ ಹೆಚ್ಚು. ಆದರೆ ಸ್ಟಿಯರಿಂಗ್ ನಿಖರವಾಗಿದ್ದರೂ ರಸ್ತೆಯ ಸುದ್ದಿಯನ್ನು ಕೈಗೆ ಅಷ್ಟಾಗಿ ಮುಟ್ಟಿಸುವುದಿಲ್ಲ. ಈ ಹೆಸರಿನ ಕಾರಿನಲ್ಲಿ ಈ ಕೊರತೆ ನನಗೆ ನಿಜಕ್ಕೂ ಬೇಸರ ತರುತ್ತದೆ.

ಒಳಾಂಗಣದ ಅಚ್ಚುಕಟ್ಟುತನದಲ್ಲಿ ಬಿಎಂಡಬ್ಲ್ಯು ಮುಂದಿದೆ. ಆದರೂ 2022ರ ಪರಿಷ್ಕರಣೆಯಲ್ಲಿ ಎಸಿಯ ಬಹುಪಾಲು ಗುಂಡಿಗಳನ್ನು ತೆಗೆದು ಆ ಕೆಲಸವನ್ನು ಪರದೆಗೆ ವಹಿಸಿದ್ದು ನನಗೆ ಒಪ್ಪಿಗೆಯಾಗಿಲ್ಲ. ಚಲಿಸುವಾಗ ರಸ್ತೆಯಿಂದ ಕಣ್ಣು ತೆಗೆಯದೆ ತಿರುಗಿಸಬಹುದಾದ ಜೂಲಿಯಾದ ಎಸಿ ಗುಂಡಿಗಳೇ ಮೇಲು.

ಮನೆಮಂದಿಯೆಲ್ಲ ಬಳಸುವ ಏಕೈಕ ಕಾರಾಗಿದ್ದರೆ 330ಐ ಕೊಳ್ಳುವುದು ಸರಿ. ಓಡಿಸುವ ಸುಖಕ್ಕೇ ಮೊದಲ ಸ್ಥಾನ ಕೊಡುವವರಿಗೆ ನನ್ನ ಶಿಫಾರಸು ಜೂಲಿಯಾ. ಯಾವುದನ್ನೇ ಪರೀಕ್ಷಿಸುವುದಿದ್ದರೂ ನೇರ ರಸ್ತೆಯಲ್ಲಿ ವೇಗ ನೋಡಿ ಮರಳಬೇಡಿ. ಒರಟು ಡಾಂಬರು ಮತ್ತು ಬಿಗಿ ತಿರುವುಗಳಿರುವ ದಾರಿಯನ್ನೇ ಕೇಳಿ ಪಡೆಯಿರಿ, 330ಐ ಆದರೆ ಹೆಚ್ಚು ಬಿಗಿಯಾದ ಎಂ ಸ್ಪೋರ್ಟ್ ಸಸ್ಪೆನ್ಷನ್ ಇರುವುದನ್ನೂ ಇಲ್ಲದ್ದನ್ನೂ ಎರಡನ್ನೂ ಓಡಿಸಿ ನೋಡಿ.