ಪಿಕಪ್‌ನ ಲೋಡ್ ಬಾಡಿ ಕಟ್ಟಿಸಲು ಯಾವ ತಗಡು? ಉಪ್ಪುನೀರಲ್ಲಿ ಅದ್ದಿ ನೋಡಿದ ಹೋಲಿಕೆ

ನನ್ನ ಪಿಕಪ್‌ನ ಹಳೆಯ ಲೋಡ್ ಬಾಡಿ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಹಿಂದಿನ ಡೋರಿನ ಕೆಳಗಡೆ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದಿತ್ತು, ಅಷ್ಟೇ. ಉಗುರಿನಿಂದ ಕೆರೆದೆ. ಪೇಂಟು ಸಿಪ್ಪೆಯ ಹಾಗೆ ಎದ್ದು ಬಂತು, ಒಳಗೆ ಬರೀ ಕೆಂಪು ಪುಡಿ. ಸ್ಕ್ರೂಡ್ರೈವರ್ ತುದಿ ಒತ್ತಿದರೆ ತಗಡಿನೊಳಗೇ ಇಳಿದುಹೋಯಿತು. ಹೊಸ ಬಾಡಿ ಕಟ್ಟಿಸದೆ ಬೇರೆ ದಾರಿ ಇರಲಿಲ್ಲ.

ಯಾವುದರಲ್ಲಿ ಕಟ್ಟಿಸುವುದು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಹಾಗಾಗಿ ನಾನೇ ಪರೀಕ್ಷೆ ಮಾಡಿ ನೋಡಿದೆ. ಅಂಗೈ ಅಗಲದ ತುಂಡುಗಳನ್ನು ತಂದೆ: ಪೇಂಟ್ ಹೊಡೆದ ಸಾದಾ ಉಕ್ಕು, ಸತು ಲೇಪದ ಜಿಐ ತಗಡು, ಅಲ್ಯೂಮಿನಿಯಂ, ಸ್ಟೇನ್‌ಲೆಸ್ ಸ್ಟೀಲ್, ಫೈಬರ್. ಎಲ್ಲದರ ಮೇಲೂ ಮೊಳೆಯಿಂದ ಗೀರು ಎಳೆದೆ. ಒಂದೊಂದು ತೂತು ಕೊರೆದು ಸಾದಾ ಉಕ್ಕಿನ ಬೋಲ್ಟ್ ಬಿಗಿದೆ. ಲೀಟರ್ ನೀರಿಗೆ 35 ಗ್ರಾಂ ಉಪ್ಪು, ಅಂದರೆ ಹೆಚ್ಚುಕಡಿಮೆ ಸಮುದ್ರದ ನೀರಿನಷ್ಟೇ ಉಪ್ಪು. ಬೆಳಿಗ್ಗೆ ಅದ್ದುವುದು, ಆಮೇಲೆ ದಿನವಿಡೀ ಗಾಳಿಗೆ ಒಣಗಲು ಬಿಡುವುದು. ಸುಮ್ನೆ ನೀರಲ್ಲೇ ಮುಳುಗಿಸಿಟ್ಟರೆ ತಗಡಿಗೆ ಗಾಳಿ ಅಷ್ಟಾಗಿ ತಾಗುವುದಿಲ್ಲ. ನೆನೆದು ಒಣಗಿ, ಮತ್ತೆ ನೆನೆದಾಗಲೇ ತುಕ್ಕು ಜೋರಾಗಿ ಹಿಡಿಯುವುದು. ಹೀಗೆ 40 ದಿನ ನಡೆಸಿದೆ.

ಸಾದಾ ಉಕ್ಕಿನ ಬಗ್ಗೆ ಹೇಳುವುದು ಕಡಿಮೆ. ಎರಡನೇ ದಿನಕ್ಕೇ ಗೀರು ಕೆಂಪಾಯಿತು. ಕೊನೆಗೆ ನೋಡಿದರೆ ಗೀರಿನ ಎರಡೂ ಬದಿಯ ಪೇಂಟು ಉಬ್ಬಿ ಎದ್ದಿತ್ತು. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ, ಮೇಲಿನ ಪೇಂಟನ್ನು ಅದೇ ಎತ್ತಿಬಿಡುತ್ತದೆ.

ನನಗೆ ಅಚ್ಚರಿ ತಂದದ್ದು ಜಿಐ ತಗಡು. ಗೀರಿನಲ್ಲಿ ಉಕ್ಕು ಬೆಳ್ಳಗೆ ಕಾಣುತ್ತಿತ್ತು, ಆದರೂ ಅದು ಕೆಂಪಾಗಲೇ ಇಲ್ಲ. ಸತು ತಾನು ಕರಗಿ ಪಕ್ಕದ ಕಬ್ಬಿಣವನ್ನು ಕಾಯುತ್ತದೆ. ಇದೆಷ್ಟು ದೂರ ನಡೆಯುತ್ತದೆ ಅಂತ ನೋಡಲು ಒಂದು ಕಡೆ ಹೆಬ್ಬೆರಳಿನ ಅಗಲಕ್ಕೆ ಗ್ರೈಂಡರ್ ಹಿಡಿದು ಲೇಪವನ್ನೇ ತೆಗೆದಿದ್ದೆ. ಅಲ್ಲಿ ಅಂಚಿನುದ್ದಕ್ಕೂ ಸತು ಸವೆದು ಬಿಳಿ ಪುಡಿ ಕಟ್ಟಿತ್ತು, ಅದರ ಒಳಗೆ ಕೆಲವೇ ಮಿಲಿಮೀಟರ್ ಉಕ್ಕು ಶುಭ್ರವಾಗಿತ್ತು, ನಟ್ಟನಡುವೆ ಮಾತ್ರ ಕೆಂಪು ಬೊಟ್ಟು. ಅಂದರೆ ಗೀರು, ಕತ್ತರಿಸಿದ ಅಂಚು ಇಂಥದ್ದನ್ನೆಲ್ಲ ಸತು ನೋಡಿಕೊಳ್ಳುತ್ತದೆ, ದೊಡ್ಡ ಗಾಯ ಅದರ ಕೈಮೀರಿದ್ದು. ವೆಲ್ಡಿಂಗ್ ಮಾಡಿದ ಜಾಗದ ಕಥೆಯೂ ಇದೇ. ಬೆಂಕಿಗೆ ಸತು ಸುಟ್ಟುಹೋಗಿ ಬೆಸುಗೆಯ ಗೆರೆ ಬರಿದಾಗುತ್ತದೆ, ತುಕ್ಕು ಮೊದಲು ಹಿಡಿಯುವುದು ಅಲ್ಲೇ. ಆ ಹೊಗೆ ಕುಡಿದರೆ ಜ್ವರ ಬರುತ್ತದೆ, ಆದ್ದರಿಂದ ಗಾಳಿಯಾಡುವ ಜಾಗದಲ್ಲೇ ವೆಲ್ಡ್ ಮಾಡಿಸಿ.

ಅಲ್ಯೂಮಿನಿಯಂ ಮೇಲೆ ನನಗೆ ಮೊದಲಿನಿಂದಲೂ ಆಸೆ ಜಾಸ್ತಿ. ಫೋರ್ಡ್ 2015ರ ಎಫ್-150 ಪಿಕಪ್‌ಗೆ ಪೂರ್ತಿ ಅಲ್ಯೂಮಿನಿಯಂ ಬಾಡಿ ಹಾಕಿತು. ಅದರಲ್ಲೂ ಚಾಸಿ ಉಕ್ಕಿನದೇ ಅನ್ನುವುದನ್ನು ಮರೆಯಬಾರದು. ಒಂದೇ ಅಳತೆಯ ಅಲ್ಯೂಮಿನಿಯಂ ತುಂಡು ಉಕ್ಕಿನ ಮೂರನೇ ಒಂದು ಪಾಲು ಮಾತ್ರ ತೂಗುತ್ತದೆ. ಕೆಂಪು ತುಕ್ಕಿನ ಮಾತೇ ಇಲ್ಲ. ಗಾಳಿ ತಾಗಿದ ಕೂಡಲೇ ಮೇಲೆ ತೆಳು ಪೊರೆ ಕಟ್ಟಿಕೊಳ್ಳುತ್ತದೆ, ಗೀಚಿದರೆ ಮತ್ತೆ ಕಟ್ಟಿಕೊಳ್ಳುತ್ತದೆ. ನನ್ನ ಗೀರು 40 ದಿನವೂ ಹಾಗೇ ಹೊಳೆಯುತ್ತಿತ್ತು. ಬೋಲ್ಟ್ ಬಿಚ್ಚಿದಾಗ ಮಾತ್ರ ಮನಸ್ಸಿಗೆ ಕಸಿವಿಸಿಯಾಯಿತು. ತೂತಿನ ಸುತ್ತ ಸುಣ್ಣದಂಥ ಬಿಳಿ ಪುಡಿ ಗಟ್ಟಿಯಾಗಿ ಕೂತಿತ್ತು. ಒರೆಸಿದರೆ ಕೆಳಗೆ ಸೂಜಿ ಚುಚ್ಚಿದಂಥ ಗುಳಿಗಳು. ಎರಡು ಬೇರೆ ಲೋಹ, ನಡುವೆ ಉಪ್ಪುನೀರು: ಅದೊಂದು ಬ್ಯಾಟರಿಯೇ ಅಲ್ವಾ? ಸವೆಯುವುದು ಅಲ್ಯೂಮಿನಿಯಂ. ಇನ್ನೊಂದು ತುಂಡಿಗೆ ಎರಡೂ ಲೋಹ ಒಂದಕ್ಕೊಂದು ತಾಗದ ಹಾಗೆ ನೈಲಾನ್ ಬುಷ್ (ತೂತಿನೊಳಗೆ ಕೂರುವ ಕೊಳವೆ), ನೈಲಾನ್ ವಾಷರ್ ಹಾಕಿ ಬೋಲ್ಟ್ ಬಿಗಿದೆ. ಅದರ ತೂತು ಕೊನೆಯವರೆಗೂ ಶುಭ್ರವಾಗಿತ್ತು. ಹಾಗಾಗಿ ಪ್ರತಿ ಬೋಲ್ಟಿಗೂ ಇಷ್ಟು ಜೋಪಾನ ಮಾಡುವ ಕೆಲಸಗಾರ ಸಿಕ್ಕರೆ ಅಲ್ಯೂಮಿನಿಯಂ ಒಳ್ಳೆಯದು. ನೆಗ್ಗಿದರೆ ಸರಿಮಾಡುವವರು ಉಕ್ಕಿಗೆ ಸಿಕ್ಕಷ್ಟು ಸುಲಭವಾಗಿ ಇದಕ್ಕೆ ಸಿಗುವುದಿಲ್ಲ. ಉಕ್ಕಿಗೆ ಬಳಸಿದ ಗ್ರೈಂಡರ್ ಡಿಸ್ಕನ್ನು ಇದಕ್ಕೆ ತಾಗಿಸಲೂಬಾರದು, ಕಬ್ಬಿಣದ ಪುಡಿ ಮೈಯಲ್ಲಿ ಹುದುಗಿ ಅಲ್ಲಿಂದಲೇ ಸವೆತ ಶುರುವಾಗುತ್ತದೆ.

ಸ್ಟೇನ್‌ಲೆಸ್ ಸ್ಟೀಲ್ ಗಟ್ಟಿ, ಚೆಂದ, ಭಾರ. ಕ್ರೋಮಿಯಂ ಕನಿಷ್ಠ 10.5% ಇರುವುದರಿಂದಲೇ ಅದು ತುಕ್ಕು ತಡೆಯುತ್ತದೆ. ನನ್ನ ತುಂಡಿನ ಮೇಲೆ ಕಿತ್ತಳೆ ಬಣ್ಣದ ಚುಕ್ಕಿಗಳು ಕಂಡು ಗಾಬರಿಯಾಗಿದ್ದೆ. ಅವು ಬೋಲ್ಟಿನಿಂದ ಇಳಿದ ತುಕ್ಕು, ಉಜ್ಜಿದರೆ ಹೋಯಿತು. ಆದರೆ ಇಡೀ ಬಾಡಿಯನ್ನು ಇದರಲ್ಲೇ ಕಟ್ಟಿಸುವುದು ನನ್ನ ಕೆಲಸಕ್ಕೆ ಬೇಕಿಲ್ಲದ ಖರ್ಚು.

ಫೈಬರ್ ತುಂಡಿಗೆ ಉಪ್ಪು ಏನೂ ಮಾಡಲಿಲ್ಲ. ಟೊಯೋಟಾ 2005ರ ಟಕೋಮಾ ಪಿಕಪ್‌ನಿಂದ ಲೋಡ್ ಬಾಡಿಯ ಒಳಮೈಗೆ ಫೈಬರ್ ಬೆರೆತ ಪ್ಲಾಸ್ಟಿಕ್ ಬಳಸಿದ್ದಕ್ಕೆ ಕಾರಣ ಇದೆ. ಆದರೆ ಸುತ್ತಿಗೆಯಿಂದ ಒಂದೇಟು ಹೊಡೆದು ನೋಡಿದೆ. ತಗಡು ನೆಗ್ಗಿತು, ಫೈಬರ್ ಬಿರುಕು ಬಿಟ್ಟಿತು. ಕಲ್ಲು, ಕಬ್ಬಿಣ ಎತ್ತಿ ಹಾಕುವವರಿಗೆ ಈ ಬಿರುಕಿನ ಚಿಂತೆ ದೊಡ್ಡದು.

ಕೊನೆಗೆ ನಾನು ಕಟ್ಟಿಸಿದ್ದು ಜಿಐನಲ್ಲೇ. ಮೇಲೆ ಪೇಂಟು ಕೂಡ ಹೊಡೆಸಿದೆ, ಸತುವೇ ಎಲ್ಲ ಏಟನ್ನೂ ತಿನ್ನಬೇಕಾಗಿಲ್ಲ ಅಂತ. ಆದಷ್ಟು ಕಡೆ ವೆಲ್ಡಿಂಗ್ ಬಿಟ್ಟು ತಗಡನ್ನು ಮಡಚಿ ಬೋಲ್ಟ್ ಹಾಕಿಸಿದೆ. ಬಿಡಲಾಗದ ಬೆಸುಗೆಗಳ ಮೇಲೆ ಸತು ತುಂಬಿದ ಪ್ರೈಮರ್ ಎರಡು ಕೋಟ್. ನೆಲದ ನಾಲ್ಕು ಮೂಲೆಗೂ ನೀರು ಇಳಿಯುವ ತೂತು. ರಬ್ಬರ್ ಮ್ಯಾಟ್ ಹಾಸಿದ್ದೇನೆ, ಆದರೆ ವಾರಕ್ಕೊಮ್ಮೆ ಎತ್ತಿ ಒಣಗಿಸುತ್ತೇನೆ. ಅದರಡಿ ಒದ್ದೆ ಹಾಗೇ ಉಳಿಯುತ್ತದೆ, ಹಳೆಯ ಬಾಡಿಯ ನೆಲ ತೂತಾದದ್ದು ಹಾಗೆಯೇ. ಮೊನ್ನೆ ಡೋರಿನ ಕೆಳ ಅಂಚನ್ನು ಬೆರಳಿಂದ ತಡವಿ ನೋಡಿದೆ. ಪೇಂಟು ಕಿತ್ತ ಒಂದು ಕಡೆ ಬಿಳಿ ಪುಡಿ ಕೈಗೆ ಹತ್ತಿತು. ಕೆಂಪು ಎಲ್ಲೂ ಇರಲಿಲ್ಲ.