ಒಳಗಿರುವಷ್ಟು ದಿನ ಮಾತ್ರ ಗ್ಯಾರಂಟಿ

ಮೂರು ತಿಂಗಳಲ್ಲಿ ಕುಡಿತ ಬಿಡಿಸಿ ಕಳುಹಿಸುತ್ತೇವೆ, ನೂರಕ್ಕೆ ನೂರು ಗ್ಯಾರಂಟಿ ಎಂದು ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ಮಾತು ಮುಂದುವರಿಸಬೇಡಿ. ಮುಂದುವರಿಸಿದರೆ ಗೆಲ್ಲುವವರು ಅವರೇ, ಏಕೆಂದರೆ ಅವರ ಮಾತು ಕೇಳುತ್ತಿರುವವರು ರಾತ್ರಿಯೆಲ್ಲ ನಿದ್ದೆಗೆಟ್ಟ ಮನೆಯವರು. ನನ್ನ ತಮ್ಮನನ್ನು ಸೇರಿಸಿದ್ದ ವ್ಯಸನಮುಕ್ತಿ ಕೇಂದ್ರದ ಹೆಸರು ಬರೆಯುತ್ತಿಲ್ಲ, ದೂರು ಕೊಟ್ಟಾಗಿದೆ. ಬೆಂಗಳೂರಿನ ಹೊರವಲಯ ಎಂದಷ್ಟೇ ಹೇಳುತ್ತೇನೆ.

ನನ್ನ ತಮ್ಮ ಎಲೆಕ್ಟ್ರಿಷಿಯನ್. ಒಳ್ಳೆಯ ಕೆಲಸಗಾರ. ಬೆಳಗ್ಗೆ ಎದ್ದ ಕೂಡಲೇ ಕೈನಡುಕ ನಿಲ್ಲಿಸಲು ಮದ್ಯದ ಒಂದು ಟೆಟ್ರಾ ಪ್ಯಾಕ್ ಬೇಕು ಎನ್ನುವ ಹಂತಕ್ಕೆ ಬಂದಿದ್ದ. ಇಂಥ ಮನೆಗಳ ಕಥೆ ಗೊತ್ತಿರುವವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಮೊಬೈಲ್‌ನಲ್ಲಿ ಜಾಹೀರಾತು ನೋಡಿ ಕರೆ ಮಾಡಿದೆ. ಮನೋವೈದ್ಯರಿದ್ದಾರೆ, ಆಪ್ತ ಸಮಾಲೋಚಕರಿದ್ದಾರೆ, ಯೋಗ ಇದೆ, ಊಟ ಮನೆಯದರಂತೆಯೇ ಇರುತ್ತದೆ, ತಿಂಗಳಿಗೆ 25 ಸಾವಿರ. ಮೂರು ತಿಂಗಳದ್ದನ್ನು ಮುಂಗಡವಾಗಿ ಕೊಡಬೇಕು. ಅಮ್ಮ ಬಳೆ ಬಿಚ್ಚಿಕೊಟ್ಟಳು, ಅಡವಿಟ್ಟೆವು. ಅವನು ಬರಲು ಒಪ್ಪುವುದಿಲ್ಲ ಎಂದಾಗ ಅತ್ತ ಕಡೆಯಿಂದ ಬಂದ ಉತ್ತರ: "ಒಪ್ಪಿಗೆ ಏಕೆ ಬೇಕು ಮೇಡಂ? ನೀವು ಬಾಗಿಲ ಚಿಲಕ ತೆಗೆದಿಡಿ, ಉಳಿದದ್ದು ನಮ್ಮ ಹುಡುಗರು ನೋಡಿಕೊಳ್ಳುತ್ತಾರೆ."

ನೋಡಿಕೊಂಡರು. ಬೆಳಗಿನ ಜಾವ ವ್ಯಾನ್ ಬಂತು. ಉಟ್ಟ ಲುಂಗಿಯಲ್ಲೇ ಎಳೆದುಕೊಂಡು ಹೋದರು. ಹಾಲು ತರಲು ಹೊರಟಿದ್ದವರೆಲ್ಲ ನಿಂತು ನೋಡಿದರು. ಅವನು "ಅಕ್ಕಾ" ಎಂದು ಕೂಗಿದ. ಅದರ ಬಗ್ಗೆ ಇನ್ನು ಬರೆಯಲಾರೆ.

ಮೊದಲ ತಿಂಗಳು ಭೇಟಿ ಇಲ್ಲ, ಫೋನ್ ಕೂಡ ಇಲ್ಲ. ಮನೆಯವರ ದನಿ ಕೇಳಿದರೆ ಮನಸ್ಸು ಸಡಿಲವಾಗುತ್ತದೆಯಂತೆ. ವಾಟ್ಸಾಪ್‌ನಲ್ಲಿ ಸಂದೇಶ ಮಾತ್ರ ಬರುತ್ತಿತ್ತು. ಜೊತೆಗೆ ಔಷಧಿಯ ಬಿಲ್, ವೈದ್ಯರ ಭೇಟಿಯ ಬಿಲ್. ಒಂದು ಫೋಟೋ ಬಂತು: ತಲೆ ಬೋಳಿಸಿದ್ದರು. ಏಕೆ ಎಂದು ಕೇಳಿದೆ. "ಶಿಸ್ತು ಮೇಡಂ" ಎಂದರು.

ಮೂರು ತಿಂಗಳು ಮುಗಿಸಿ ಬಂದ. ಕೈಯಲ್ಲಿ ಬಣ್ಣದ ಅಂಚಿನ ಪ್ರಮಾಣಪತ್ರ, ಅದರ ಮೇಲೆ "ಸಂಪೂರ್ಣ ವ್ಯಸನಮುಕ್ತ" ಎಂಬ ಅಕ್ಷರ. ಮಾತ್ರೆ ಇಲ್ಲ, ಚೀಟಿ ಇಲ್ಲ, ಮತ್ತೆ ಯಾವಾಗ ಯಾರನ್ನು ಕಾಣಬೇಕು ಎಂಬ ಒಂದು ಸಾಲೂ ಇಲ್ಲ. ಎರಡು ವಾರವೂ ಕಳೆಯಲಿಲ್ಲ, ಮತ್ತೆ ಕುಡಿದ.

ಈಗ ನಿಜವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಕರೆದುಕೊಂಡು ಹೋದೆವು. ಅವರು ಮೊದಲು ಕೇಳಿದ್ದು, "ಕುಡಿತ ನಿಲ್ಲಿಸಿದಾಗ ಫಿಟ್ಸ್ ಬಂದಿತ್ತೇ?" ಇಲ್ಲ ಡಾಕ್ಟ್ರೇ, ಅಂಥದ್ದೇನೂ ಆಗಲಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತಿರುವಾಗಲೇ ಪಕ್ಕದಲ್ಲಿದ್ದ ತಮ್ಮ ಬಾಯಿಬಿಟ್ಟ: "ಬಂದಿತ್ತು. ಎರಡನೆಯ ರಾತ್ರಿ. ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟರು, ಮುಖಕ್ಕೆ ನೀರು ಎರಚಿದರು." ವೈದ್ಯರು ಬರಲಿಲ್ಲವೇ? "ಯಾವ ವೈದ್ಯರು ಅಕ್ಕಾ?"

ಅಲ್ಲಿಯೇ ಮೊಬೈಲ್ ತೆಗೆದು ಆ ರಾತ್ರಿಯ ಸಂದೇಶ ಹುಡುಕಿದೆ. ಸಿಕ್ಕಿತು. "ಚೆನ್ನಾಗಿ ಸ್ಪಂದಿಸುತ್ತಿದ್ದಾರೆ. ಮೊಸರನ್ನ ಊಟ ಮಾಡಿ ಮಲಗಿದ್ದಾರೆ." ಕೊನೆಯಲ್ಲಿ ಕೈಮುಗಿದ ಚಿತ್ರ. ಅದರ ಕೆಳಗೆ ನನ್ನ ಉತ್ತರ: "ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ಸರ್." ಇದನ್ನು ಓದಿದಾಗ ಆದ ಅವಮಾನ ಈಗಲೂ ಮೈಸುಡುತ್ತದೆ. ಅವನು ಸಿಮೆಂಟ್ ನೆಲದ ಮೇಲೆ ಒದ್ದಾಡುತ್ತಿದ್ದಾಗ ನಾನು ಅವರಿಗೆ ಆಶೀರ್ವಾದ ಕಳುಹಿಸುತ್ತಿದ್ದೆ!

ಡಾಕ್ಟರು ಸಿಟ್ಟಾಗಲಿಲ್ಲ, ಬಿಡಿಸಿ ಹೇಳಿದರು. ವರ್ಷಗಟ್ಟಲೆ ಕುಡಿದವರು ದಿಢೀರನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಸನ್ನಿ ಹಿಡಿದು ಇಲ್ಲದ್ದೆಲ್ಲ ಕಾಣಿಸಬಹುದು, ಜೀವವೇ ಹೋಗಬಹುದು. ಅದಕ್ಕಾಗಿಯೇ ಲೋರಾಜೆಪಾಮ್‌ನಂಥ ಔಷಧಿಯನ್ನು ಅಳೆದು ಕೊಟ್ಟು ಕ್ರಮೇಣ ಇಳಿಸುತ್ತಾರೆ, ಜೊತೆಗೆ ಥಯಾಮಿನ್ ಎಂಬ ಬಿ1 ಜೀವಸತ್ವ ಕೊಡುತ್ತಾರೆ. ಇದಾದ ಮೇಲೆಯೇ ನಿಜವಾದ ಚಿಕಿತ್ಸೆ ಶುರುವಾಗುತ್ತದೆಯಂತೆ: ಕುಡಿಯುವ ಸೆಳೆತ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳು, ಸಮಾಲೋಚನೆ, ತಿಂಗಳುಗಟ್ಟಲೆ ತಪ್ಪದೆ ಬಂದು ಹೋಗುವುದು. ನಡುವೆ ಒಮ್ಮೆ ಎಡವಿ ಕುಡಿದರೂ ಮುಚ್ಚಿಡದೆ ಬಂದು ಹೇಳಬೇಕು, ಇದು ಮರುಕಳಿಸುವ ಕಾಯಿಲೆ ಎಂದರು. ಮೂರು ತಿಂಗಳು ಕೋಣೆಯಲ್ಲಿ ಕೂಡಿಹಾಕುವುದಕ್ಕೂ ಇದಕ್ಕೂ ಏನು ಸಂಬಂಧ, ನೀವೇ ಹೇಳಿ.

ಹೊರಗೆ ಬಂದು ಕೇಂದ್ರದ ವ್ಯವಸ್ಥಾಪಕರಿಗೆ ಕರೆ ಮಾಡಿದೆ. ಉತ್ತರಗಳನ್ನು ಇದ್ದಂತೆಯೇ ಕೊಡುತ್ತೇನೆ.

ಫಿಟ್ಸ್ ಬಂದದ್ದನ್ನು ಏಕೆ ತಿಳಿಸಲಿಲ್ಲ? "ಅದು ಫಿಟ್ಸ್ ಅಲ್ಲ ಮೇಡಂ, ನಾಟಕ. ಮೊದಲ ವಾರ ಎಲ್ಲರೂ ಮಾಡುತ್ತಾರೆ."

ವೈದ್ಯರ ಭೇಟಿ ಎಂದು ಹಣ ತೆಗೆದುಕೊಂಡಿರಲ್ಲ? "ವೈದ್ಯರು ಆನ್‌ಲೈನ್‌ನಲ್ಲಿ ನೋಡುತ್ತಾರೆ." ನನ್ನ ತಮ್ಮನನ್ನು ನೋಡಿದ್ದಾರೆಯೇ? "ಅವರ ಫೈಲ್ ನೋಡಿದ್ದಾರೆ."

ಗ್ಯಾರಂಟಿ? "ನಮ್ಮಲ್ಲಿ ಇದ್ದಷ್ಟು ದಿನ ಒಂದು ತೊಟ್ಟಾದರೂ ಕುಡಿದರೇ? ಹೊರಗೆ ಬಂದ ಮೇಲೆ ಮನೆಯವರ ಜವಾಬ್ದಾರಿ."

ಕೊನೆಗೆ, ದನಿ ಮೆತ್ತಗೆ ಮಾಡಿಕೊಂಡು: "ಬೇಸರ ಮಾಡಿಕೊಳ್ಳಬೇಡಿ. ಎರಡನೆಯ ಸಲ ಸೇರಿಸುವವರಿಗೆ ರಿಯಾಯಿತಿ ಇದೆ."

ರಿಯಾಯಿತಿ! ಮತ್ತೆ ಕುಡಿಯುತ್ತಾನೆ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಅದರ ಮೇಲೆಯೇ ವ್ಯಾಪಾರ ನಡೆದಿದೆ. ಚಿಕಿತ್ಸೆ ಫಲಿಸಿದರೆ ಅವರಿಗೇ ನಷ್ಟ.

ಗೋಡೆಯ ಮೇಲೆ ಅವರು ತೂಗುಹಾಕಿದ್ದದ್ದು ಸೊಸೈಟಿಯ ನೋಂದಣಿ ಪತ್ರ. ಅದು ಯಾವ ಸಂಘಕ್ಕಾದರೂ ಸಿಗುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯವ್ಯಸನಕ್ಕೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಸೇರಿವೆ. ಅಂಥವರನ್ನು ಒಳಗಿಟ್ಟು ಚಿಕಿತ್ಸೆ ಕೊಡುವ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ಆ ಪತ್ರ ತೋರಿಸಿ ಎನ್ನಿ, ಬೇರೆ ಯಾವುದನ್ನೂ ನೋಡಬೇಡಿ. ತಾನಾಗಿ ನಿರ್ಧರಿಸುವ ಸ್ಥಿತಿಯಲ್ಲಿಲ್ಲದವರನ್ನು ಸೇರಿಸಬೇಕಾದರೂ ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಬೇಕು, ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು, ಅದೂ ಮೊದಲಿಗೆ 30 ದಿನಗಳ ಮಿತಿಯಲ್ಲಿ. ವ್ಯಾನ್ ಹುಡುಗರಿಗೆ ಆ ಅಧಿಕಾರ ಎಲ್ಲಿಂದ ಬಂತು? ಬಲವಂತವಾಗಿ ತಲೆ ಬೋಳಿಸುವುದನ್ನು ಇದೇ ಕಾಯ್ದೆ ನಿಷೇಧಿಸಿದೆ. ಒಳಗಿರುವವರಿಗೆ ಫೋನ್‌ನಲ್ಲಿ ಮಾತನಾಡುವ ಹಕ್ಕನ್ನೂ ಕೊಟ್ಟಿದೆ. "ಶಿಸ್ತು" ಎಂದವರಿಗೆ ಇದು ಗೊತ್ತಿಲ್ಲದೆ ಇರಲಿಲ್ಲ.

ಹತ್ತಿರದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಎಲ್ಲಿಂದ ಶುರುಮಾಡಬೇಕೋ ತಿಳಿಯದಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446 ಅಥವಾ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ದುಡ್ಡು ಕೇಳುವುದಿಲ್ಲ. ಕುಡಿತ ಬಿಡಲು ಹೊರಟವರು ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೂ ಶುಲ್ಕವಿಲ್ಲ. ತಮ್ಮ ಈಗ ಹೋಗುತ್ತಿದ್ದಾನೆ, ಮಾತ್ರೆಯೂ ನಡೆಯುತ್ತಿದೆ. ವಾಸಿಯಾಗಿದ್ದಾನೆ ಎಂದು ಮಾತ್ರ ಹೇಳುವುದಿಲ್ಲ. ಆ ಮಾತು ಹೇಳಿದವರನ್ನು ನೋಡಿಯಾಗಿದೆ.

ಹಣ ವಾಪಸ್ ಬಂದಿಲ್ಲ. ದೂರಿನ ಜೊತೆ ಬಿಲ್‌ಗಳನ್ನೂ ಆ ಮೊಸರನ್ನದ ಸಂದೇಶವನ್ನೂ ಸೇರಿಸಿ ಪ್ರಾಧಿಕಾರಕ್ಕೆ ಕೊಟ್ಟಿದ್ದೇವೆ. ನಿಮ್ಮ ಮನೆಯವರು ಇಂಥ ಕಡೆ ಇದ್ದು ಬಂದಿದ್ದರೆ ರಸೀದಿ, ಫೋಟೋ, ಸಂದೇಶ ಯಾವುದನ್ನೂ ಅಳಿಸಬೇಡಿ. ಈಗ ಒಳಗೇ ಇದ್ದರೆ ಇವತ್ತೇ ಹೋಗಿ, ಅವರನ್ನು ಎದುರಿಗೆ ಕರೆಸಿಕೊಂಡು ಮಾತನಾಡಿ.