120 ಪ್ರಶ್ನೆಗಳ ವ್ಯಕ್ತಿತ್ವ ಪರೀಕ್ಷೆ: ಐದು ಅಂಕ ನೋಡಿ ನಿಲ್ಲಬೇಡಿ, ಕೆಳಗಿನ ಮೂವತ್ತೂ ಓದಿ

ಪುಕ್ಕಟೆಯಾಗಿ ಸಿಗುವ ವ್ಯಕ್ತಿತ್ವ ಪರೀಕ್ಷೆಗಳಲ್ಲಿ ಸಮಯ ಕೊಟ್ಟು ಮಾಡಬಹುದಾದ ಒಂದನ್ನು ಹೇಳಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಐಪಿಐಪಿ-ನಿಯೋ-120. ಹೆಸರು ಬಾಯಿಗೆ ಕಷ್ಟ, ಪರೀಕ್ಷೆ ಸುಲಭ. 120 ಸಣ್ಣ ವಾಕ್ಯ ಇರುತ್ತವೆ. ಒಂದೊಂದಕ್ಕೂ ಇದು ನನಗೆ ಎಷ್ಟು ಒಪ್ಪುತ್ತದೆ ಅಂತ ಐದು ಆಯ್ಕೆಯಲ್ಲಿ ಒಂದನ್ನು ಒತ್ತಬೇಕು, ಅಷ್ಟೇ. ಎಲ್ಲ ಪ್ರಶ್ನೆಗೂ ಉತ್ತರ ಕೊಡಿಸಿಕೊಂಡು, ಕೊನೆಗೆ ಫಲಿತಾಂಶ ಬೇಕಿದ್ದರೆ ದುಡ್ಡು ಕಟ್ಟಿ ಅನ್ನುವ ಆ್ಯಪ್‌ಗಳ ಕಿರಿಕಿರಿ ಇದರಲ್ಲಿ ಇಲ್ಲ.

ಪುಕ್ಕಟೆ ಯಾಕೆ ಅಂದರೆ, ಇದರ ಪ್ರಶ್ನೆಗಳು ಯಾರ ಸ್ವತ್ತೂ ಅಲ್ಲ. ಕೋಸ್ಟಾ ಮತ್ತು ಮ್ಯಾಕ್ರೇ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1992ರಲ್ಲಿ ತಂದ 240 ಪ್ರಶ್ನೆಗಳ ನಿಯೋ ಪರೀಕ್ಷೆ ಈ ಕ್ಷೇತ್ರದಲ್ಲಿ ದೊಡ್ಡ ಹೆಸರು, ಆದರೆ ಅದನ್ನು ದುಡ್ಡು ಕೊಟ್ಟೇ ಬಳಸಬೇಕು. ಲೂಯಿಸ್ ಗೋಲ್ಡ್‌ಬರ್ಗ್ ಅನ್ನುವವರು ಯಾರು ಬೇಕಾದರೂ ಬಳಸಬಹುದಾದ ಪ್ರಶ್ನೆಗಳ ಒಂದು ದೊಡ್ಡ ಭಂಡಾರ ಕಟ್ಟಿದರು, ಅದರ ಹೆಸರೇ ಐಪಿಐಪಿ. ಅದರಿಂದ ಮೊದಲು 300 ಪ್ರಶ್ನೆಗಳ ಪರೀಕ್ಷೆ ಬಂತು. ಆಮೇಲೆ ಜಾನ್ ಜಾನ್ಸನ್ ಅದನ್ನು 120ಕ್ಕೆ ಇಳಿಸಿ, ಆರು ಲಕ್ಷಕ್ಕೂ ಜಾಸ್ತಿ ಜನರ ಉತ್ತರಗಳ ಮೇಲೆ ಒರೆಹಚ್ಚಿ, 2014ರಲ್ಲಿ ಪ್ರಕಟಿಸಿದರು. ಇಷ್ಟು ಕೆಲಸ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರಲ್ಲ, ಅದಕ್ಕೆ ನನಗೆ ನಿಜಕ್ಕೂ ಗೌರವ ಇದೆ.

ಪ್ರಶ್ನೆ ಹೇಗಿರುತ್ತದೆ ಅಂತ ಒಂದು ಉದಾಹರಣೆ ನೋಡಿ. ಒಂದು ಕಡೆ 'ಬೇಗ ಗಾಬರಿಯಾಗುತ್ತೇನೆ' ಅಂತ ಇರುತ್ತದೆ. ಎಷ್ಟೋ ಪ್ರಶ್ನೆ ದಾಟಿದ ಮೇಲೆ 'ಒತ್ತಡದಲ್ಲೂ ಶಾಂತವಾಗಿರುತ್ತೇನೆ' ಅಂತ ಬರುತ್ತದೆ. ಎರಡೂ ಅಳೆಯುವುದು ಒಂದನ್ನೇ, ಎರಡನೆಯದರ ಅಂಕವನ್ನು ತಿರುಗಿಸಿ ಲೆಕ್ಕ ಹಾಕುತ್ತಾರೆ. ಸುಮ್ನೆ ಎಲ್ಲದಕ್ಕೂ 'ಹೌದು' ಒತ್ತಿಕೊಂಡು ಹೋದರೆ ಅಂಕ ಒಂದನ್ನೊಂದು ಹೊಡೆದುಹಾಕುತ್ತವೆ. ಹೀಗೆ ಒಂದೊಂದು ಸಣ್ಣ ಗುಣಕ್ಕೆ ನಾಲ್ಕು ಪ್ರಶ್ನೆ, ಒಟ್ಟು ಮೂವತ್ತು ಗುಣ. ಉತ್ತರಿಸುವಾಗ ನೀವು ಹೇಗಿರಬೇಕು ಅಂತ ಆಸೆಪಡುತ್ತೀರೋ ಅದನ್ನಲ್ಲ, ಈಗ ಸಾಮಾನ್ಯವಾಗಿ ಹೇಗಿದ್ದೀರೋ ಅದನ್ನು ಒತ್ತಿ.

ಫಲಿತಾಂಶದಲ್ಲಿ ಮೊದಲು ಬಿಗ್ ಫೈವ್ ಅನ್ನುವ ಐದು ದೊಡ್ಡ ಗುಣಗಳು ಬರುತ್ತವೆ: ಜನರೊಡನೆ ಬೆರೆಯುವುದು, ಹೊಂದಿಕೊಂಡು ಹೋಗುವುದು, ಶಿಸ್ತು, ಮನಸ್ಸು ಬೇಗ ಕಲಕುವ ಸ್ವಭಾವ ಅಂದರೆ ನ್ಯೂರಾಟಿಸಿಸಮ್, ಹೊಸದಕ್ಕೆ ತೆರೆದುಕೊಳ್ಳುವುದು. ಹೆಚ್ಚಿನವರು ಇಷ್ಟು ನೋಡಿ ಪುಟ ಮುಚ್ಚುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನನಗೆ ನ್ಯೂರಾಟಿಸಿಸಮ್ 'ಸಾಧಾರಣ' ಅಂತ ಬಂದಿತ್ತು, ಅದರಿಂದ ತಿಳಿಯುವುದೇನೂ ಇಲ್ಲ ಅಲ್ವಾ? ಅದರ ಕೆಳಗೆ ಆರು ಸಣ್ಣ ಗುಣ ಇವೆ: ಆತಂಕ, ಸಿಟ್ಟು, ಖಿನ್ನತೆ, ಸಂಕೋಚ, ಆಸೆ ತಡೆಯಲಾಗದಿರುವುದು, ಒತ್ತಡ ಬಂದಾಗ ಕುಸಿಯುವುದು. ನನ್ನ ಆತಂಕ ತುಂಬ ಮೇಲಿತ್ತು, ಕುಸಿಯುವುದು ತೀರಾ ಕೆಳಗಿತ್ತು. ಅಂದರೆ ಏನಾದರೂ ಆಗುವ ಮುಂಚೆ ರಾತ್ರಿಯೆಲ್ಲ ಯೋಚಿಸುತ್ತಾ ಒದ್ದಾಡುವವರು, ಆದದ್ದು ಆದಮೇಲೆ ಗಟ್ಟಿಯಾಗಿ ನಿಂತು ಕೆಲಸ ಮಾಡುವವರು. ಇದು ಪೂರ್ತಿ ನಾನೇ! ಎರಡನ್ನೂ ಸೇರಿಸಿ ಸರಾಸರಿ ಮಾಡಿದಾಗ ಈ ವಿಷಯ ಎಲ್ಲಿಯೂ ಕಾಣುತ್ತಿರಲಿಲ್ಲ.

ಅಂಕ ಓದುವಾಗ ಒಂದು ಎಚ್ಚರ ಬೇಕು. 70 ಅಂತ ಬಂದರೆ ಅದು ನೂರಕ್ಕೆ ಎಪ್ಪತ್ತು ಮಾರ್ಕ್ಸ್ ಅಲ್ಲ, ನಿಮ್ಮದೇ ವಯಸ್ಸು ಮತ್ತು ಲಿಂಗದ ನೂರು ಜನರಲ್ಲಿ ಸುಮಾರು ಎಪ್ಪತ್ತು ಜನರಿಗಿಂತ ಆ ಗುಣ ನಿಮ್ಮಲ್ಲಿ ಜಾಸ್ತಿ ಅಂತ ಅರ್ಥ. ಕೆಳಗಿನ ಶೇ. 30ಕ್ಕೆ 'ಕಡಿಮೆ', ಮೇಲಿನ ಶೇ. 30ಕ್ಕೆ 'ಹೆಚ್ಚು', ನಡುವಿನ ಶೇ. 40ಕ್ಕೆ 'ಸಾಧಾರಣ' ಅನ್ನುತ್ತಾರೆ. ಗೆರೆಯ ಈಚೆ ಆಚೆ ಬಿದ್ದದ್ದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ಇನ್ನು ಕೊರತೆ. ಸ್ವಭಾವ ಹೇಗಿದೆ ಅಂತ ಇದು ಹೇಳುತ್ತದೆ, ಕಷ್ಟ ಬಂದಾಗ ನೀವು ನಿಜವಾಗಿ ಏನು ಮಾಡುತ್ತೀರಿ ಅಂತ ಹೇಳುವುದಿಲ್ಲ. ಎರಡೂ ಒಂದೇ ಅಂದುಕೊಳ್ಳುವವರೇ ಜಾಸ್ತಿ. ಕಾನರ್-ಸ್ಮಿತ್ ಮತ್ತು ಫ್ಲಾಕ್ಸ್‌ಬಾರ್ಟ್ ಅನ್ನುವ ಸಂಶೋಧಕರು 2007ರಲ್ಲಿ ಹಿಂದಿನ ಎಷ್ಟೋ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಶಿಸ್ತಿನವರು ಮತ್ತು ಜನರೊಡನೆ ಬೆರೆಯುವವರು ಸಮಸ್ಯೆಗೆ ಪರಿಹಾರ ಹುಡುಕುವುದು ಸ್ವಲ್ಪ ಜಾಸ್ತಿ, ನ್ಯೂರಾಟಿಸಿಸಮ್ ಹೆಚ್ಚಿರುವವರು ಹಿಂದೆ ಸರಿಯುವುದು ಸ್ವಲ್ಪ ಜಾಸ್ತಿ ಅಂತ ಕಂಡಿತು. ಆದರೆ ಒಟ್ಟಾರೆ ನಂಟು ಅಷ್ಟೇನೂ ಬಲವಾಗಿರಲಿಲ್ಲ. ಹಾಗಾಗಿ ಅಂಕ ನೋಡಿ 'ನನ್ನ ಹಣೆಬರಹವೇ ಇಷ್ಟು' ಅಂತ ಕೈಚೆಲ್ಲುವುದಕ್ಕೆ ಕಾರಣವೇ ಇಲ್ಲ.

ಆ ಕೊರತೆ ತುಂಬಲು ಚಾರ್ಲ್ಸ್ ಕಾರ್ವರ್ ಅನ್ನುವ ಮನಶ್ಶಾಸ್ತ್ರಜ್ಞರು 1997ರಲ್ಲಿ ಮಾಡಿದ ಬ್ರೀಫ್ ಕೋಪ್ (Brief COPE) ಅನ್ನುವ ಸಣ್ಣ ಪ್ರಶ್ನಾವಳಿಯನ್ನೂ ಜೊತೆಗೆ ಮಾಡಿ. 28 ಪ್ರಶ್ನೆ, ಕಷ್ಟ ಎದುರಿಸುವ 14 ದಾರಿಗಳು, ಒಂದೊಂದಕ್ಕೆ ಎರಡು ಪ್ರಶ್ನೆ. ಯೋಜನೆ ಹಾಕುವುದು, ಒಪ್ಪಿಕೊಳ್ಳುವುದು, ಇನ್ನೊಬ್ಬರ ಆಸರೆ ಪಡೆಯುವುದು, ತನ್ನನ್ನೇ ಬೈದುಕೊಳ್ಳುವುದು ಹೀಗೆ. ಒಂದು ನಿರ್ದಿಷ್ಟ ಕಷ್ಟವನ್ನು ಮನಸ್ಸಲ್ಲಿ ಇಟ್ಟುಕೊಂಡು ಉತ್ತರಿಸಿದರೆ ಚೆನ್ನ. ಇದರಲ್ಲಿ ಒಟ್ಟು ಅಂಕ ಅಂತ ಇಲ್ಲವೇ ಇಲ್ಲ, ಅದು ನನಗೆ ಬಹಳ ಇಷ್ಟವಾಯಿತು. ನನಗೆ ಯೋಜನೆ ಹಾಕುವುದರಲ್ಲಿ ಪೂರ್ತಿ ಅಂಕ, ಆಸರೆ ಕೇಳುವುದರಲ್ಲಿ ಕನಿಷ್ಠ ಅಂಕ. ಆತಂಕದ ಅಂಕದ ಪಕ್ಕದಲ್ಲಿ ಇದನ್ನಿಟ್ಟು ನೋಡಿದಾಗ, ಆ ರಾತ್ರಿಗಳಲ್ಲಿ ನಾನು ಯಾರಿಗೂ ಒಂದು ಮಾತೂ ಹೇಳದೆ ಒಬ್ಬನೇ ಲೆಕ್ಕ ಹಾಕುತ್ತಾ ಕೂತಿರುತ್ತೇನೆ ಅನ್ನುವುದು ಸ್ಪಷ್ಟವಾಯಿತು. ಈಗ ತಂಗಿಗೆ ಫೋನ್ ಮಾಡುತ್ತೇನೆ.

ಐಪಿಐಪಿ-ನಿಯೋ-120ರ ವರದಿಯ ಭಾಷೆ ಕೆಲವು ಕಡೆ ಒರಟು, ಮನಸ್ಸಿಗೆ ಬೇಜಾರಾಗಿರುವ ದಿನ ಓದಬೇಡಿ. ಇದು ರೋಗ ಪತ್ತೆ ಮಾಡುವ ಪರೀಕ್ಷೆಯೂ ಅಲ್ಲ. ನಿದ್ದೆ, ಊಟ, ಕೆಲಸ ಎಲ್ಲ ಕೆಟ್ಟುಹೋಗಿದ್ದರೆ ಇದನ್ನು ಬಿಟ್ಟು ಸೀದಾ ವೈದ್ಯರ ಹತ್ತಿರ ಹೋಗಿ. ಕೆಲಸಕ್ಕೆ ಆಳು ಆರಿಸಲು ಬಳಸುವುದಂತೂ ಬೇಡ, ಚೆನ್ನಾಗಿ ಕಾಣುವ ಉತ್ತರ ಯಾವುದು ಅಂತ ಯಾರಿಗಾದರೂ ಗೊತ್ತಾಗುತ್ತದೆ.

ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಕೊನೆಯ ಪುಟವನ್ನು ಉಳಿಸಿಟ್ಟುಕೊಳ್ಳಿ, ಕೆಲವು ತಿಂಗಳು ಬಿಟ್ಟು ಮತ್ತೆ ಮಾಡಿದಾಗ ಹೋಲಿಸಿ ನೋಡಲು ಬೇಕಾಗುತ್ತದೆ.